ಮೊಹರು ಯಾರ ಕೈಯಲ್ಲಿ

1830ರಲ್ಲಿ ಹೊನ್ನಾಳಿ ಸೀಮೆಯ ಚಿನ್ನಿಕಟ್ಟೆಯ ಬೂದಿ ಬಸವಪ್ಪ ತಾನೇ ಬಿದನೂರಿನ ಅರಸನೆಂದು ಸಾರಿದಾಗ ಅವನ ಬೆನ್ನಿಗೆ ಹೇಳಿಕೊಳ್ಳುವಂಥ ಸೈನ್ಯವಿರಲಿಲ್ಲ. ಇದ್ದದ್ದು ಹಳೆಯ ಅರಸುಮನೆತನದ ಮೊಹರುಗಳು. ಅವು ಒಬ್ಬ ಜಂಗಮನ ಬಳಿಯಿಂದ ಅವನ ಕೈಸೇರಿದ್ದವು. ಹಿಂದಿನ ಬಾಕಿಯೆಲ್ಲ ಮಾಫಿ, ಇನ್ನು ಮುಂದೆ ಶಿವಪ್ಪ ನಾಯಕನ ಶಿಸ್ತಿನಷ್ಟೇ ಕಂದಾಯ ಎಂದು ಅವನು ರೈತರಿಗೆ ಮಾತು ಕೊಟ್ಟ. ಅರಸನಲ್ಲದವನ ಮಾತನ್ನು ಜನ ನಂಬಿದ್ದೇಕೆ ಎಂದು ಕೇಳಿದರೆ, ಉತ್ತರ ಅವನಲ್ಲಿಲ್ಲ. ಆ ಸೀಮೆಯನ್ನು ಅದುವರೆಗೆ ಆಳುತ್ತಿದ್ದ ನೌಕರರ ನಡತೆಯಲ್ಲಿದೆ.

ಚನ್ನಗಿರಿ, ಬಸವಾಪಟ್ಟಣ, ಹೊನ್ನಾಳಿ ಆಗ ಮೈಸೂರು ಸಂಸ್ಥಾನದ ನಗರ, ಅಂದರೆ ಹಳೆಯ ಬಿದನೂರಿನ, ಫೌಜುದಾರಿಗೆ ಸೇರಿದ್ದವು. ಅಲ್ಲಿ ಜಾರಿಯಲ್ಲಿದ್ದದ್ದು ಷರತ್ತು ಪದ್ಧತಿ. ಇಂತಿಷ್ಟು ಕಂದಾಯ ಎತ್ತಿಕೊಡುತ್ತೇನೆಂದು ಅಮಲ್ದಾರ ಸರ್ಕಾರಕ್ಕೆ ಮುಚ್ಚಳಿಕೆ ಬರೆದುಕೊಡಬೇಕು. ಕಡಿಮೆ ಬಿದ್ದರೆ ತನ್ನ ಕೈಯಿಂದ ತುಂಬಬೇಕು, ಹೆಚ್ಚು ಬಂದರೆ ಸರ್ಕಾರದ ಲೆಕ್ಕಕ್ಕೆ ತೋರಿಸಬೇಕು. ರೈತರನ್ನು ಪೀಡಿಸುವುದಿಲ್ಲ, ಹೊಸ ತೆರಿಗೆ ಹೇರುವುದಿಲ್ಲ ಎಂಬ ಸಾಲುಗಳೂ ಆ ಮುಚ್ಚಳಿಕೆಯಲ್ಲೇ ಇದ್ದವು. ಕಾಗದದ ಮೇಲೆ ಅದು ಒಳ್ಳೆಯ ಕರಾರೇ. ಆದರೆ ಆ ಸಾಲುಗಳು ಪಾಲನೆಯಾದವೋ ಇಲ್ಲವೋ ಎಂದು ವಿಚಾರಿಸುವವರು ಸ್ಥಳದಲ್ಲಿ ಯಾರೂ ಇರಲಿಲ್ಲ. ಅದರ ಮೇಲೆ ಫೌಜುದಾರಿಯ ಮುಖ್ಯ ಹುದ್ದೆಗಳು ಬಹುಕಾಲ ಒಂದೇ ಗುಂಪಿನ ನಂಟರಿಷ್ಟರ ಕೈಯಲ್ಲೇ ಉಳಿದಿದ್ದವು. ದೂರು ಕೊಡಲು ಹೋದ ರೈತ ಯಾರ ಮೇಲೆ ದೂರಬೇಕೋ ಅವರ ನೆಂಟನ ಮುಂದೆಯೇ ನಿಲ್ಲಬೇಕಾಗುತ್ತಿತ್ತು.

ರೈತರು ಕೂಟ ಸೇರಿದರು. ತರೀಕೆರೆಯ ಪಾಳೆಯಗಾರರ ಮನೆತನದವರೂ ಜೊತೆಗೂಡಿದರು. ಹೊನ್ನಾಳಿ ಕೋಟೆ ಕಾಳಗದ ನೆಲವಾಯಿತು. 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನೇ ತಮ್ಮ ವಶಕ್ಕೆ ತೆಗೆದುಕೊಂಡರು. ಅದು ಮೈಸೂರಿಗೆ ಮರಳಿದ್ದು 1881ರಲ್ಲಿ, ಐವತ್ತು ವರ್ಷಗಳ ಬಳಿಕ. ದಂಗೆಯ ಕಾರಣ ಹುಡುಕಲು ನೇಮಿಸಿದ ನಾಲ್ವರ ಸಮಿತಿ 1833ರಲ್ಲಿ ವರದಿ ಕೊಟ್ಟಿತು. ಸಮಿತಿಯಲ್ಲಿದ್ದ ಮಾರ್ಕ್ ಕಬ್ಬನ್ ಮರುವರ್ಷ ಕಮಿಷನರ್ ಆಗಿ ಬಂದು 1861ರವರೆಗೆ ಇದ್ದರು. ಅವರ ಕಾಲದಲ್ಲಿ ತೆಗೆದುಹಾಕಿದ ಚಿಲ್ಲರೆ ತೆರಿಗೆಗಳ ಬಾಬ್ತುಗಳೇ 769. ಅಷ್ಟು ಬಗೆಯ ವಸೂಲಿ ನೌಕರರ ಕೈಯಲ್ಲಿ ನಡೆಯುತ್ತಿತ್ತು ಎಂಬುದನ್ನು ಆ ಅಂಕಿಯೊಂದೇ ಹೇಳುತ್ತದೆ.

ಒಬ್ಬರ ಅಧಿಕಾರವನ್ನು ಇನ್ನೊಬ್ಬರು ಚಲಾಯಿಸುವುದು ಆಡಳಿತದಲ್ಲಿ ತಪ್ಪಿಸಲಾಗದ ಸಂಗತಿ. ಅರಸ ಪ್ರತಿ ಹೊಲಕ್ಕೂ ಬರಲಾರ, ಪಂಚಾಯಿತಿಯ ಸದಸ್ಯರು ಪ್ರತಿ ಅರ್ಜಿಗೂ ಸಭೆ ಕೂರಲಾರರು. ನೌಕರ ಬೇಕೇ ಬೇಕು. ಆದರೆ ಕೊಟ್ಟ ಅಧಿಕಾರವನ್ನು ಕೊಟ್ಟವರು ವಾಪಸು ಕೇಳುವ ದಾರಿ ತೆರೆದಿದೆಯೇ, ಲೆಕ್ಕ ಒಪ್ಪಿಸಬೇಕಾದ ಜಾಗ ಊರಿಗೆ ಹತ್ತಿರವಿದೆಯೇ ಎಂಬುದರ ಮೇಲೆ ಅದರ ಗುಣ ನಿಂತಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಇನ್ನೂರು ವರ್ಷಗಳ ಆಡಳಿತ ಚರಿತ್ರೆಯಲ್ಲಿ ಈ ದಾರಿ ಹಲವು ಸಲ ತೆರೆದಿದೆ, ಹಲವು ಸಲ ಮುಚ್ಚಿದೆ.

ಊರ ಮಟ್ಟದಲ್ಲಿ ಅಧಿಕಾರ ಇದ್ದದ್ದು ಪಟೇಲ ಮತ್ತು ಶಾನುಭೋಗರಲ್ಲಿ. ಪಟೇಲರದ್ದು ಕಂದಾಯ ವಸೂಲಿ ಮತ್ತು ಊರಿನ ಕಾವಲು, ಶಾನುಭೋಗರದ್ದು ಲೆಕ್ಕ. ಹುಣಸೆಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದು ಕಪ್ಪಾಗಿಸಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಚಿ ಕಡತ ಮಾಡುತ್ತಿದ್ದರು. ಅದರ ಮೇಲೆ ಬಳಪದಲ್ಲಿ ಬರೆದರೆ ಅಕ್ಷರ ಬೆಳ್ಳಗೆ ಮೂಡುತ್ತಿತ್ತು. ಒರೆಸಿ ಮತ್ತೆ ಬರೆಯಲೂ ಬರುತ್ತಿತ್ತು. ಯಾರ ಹೊಲ ಎಲ್ಲಿಂದ ಎಲ್ಲಿಗೆ, ಯಾರ ಬಾಕಿ ಎಷ್ಟು, ಯಾವ ಇನಾಮು ಯಾರಿಗೆ ಎಂಬುದೆಲ್ಲ ಆ ಮಡಿಕೆಗಳಲ್ಲಿ ಇರುತ್ತಿತ್ತು. ಓದುಬರಹ ಬಾರದ ಊರಿನಲ್ಲಿ ಅದನ್ನು ಪರಿಶೀಲಿಸಬಲ್ಲವರು ಎಷ್ಟು ಮಂದಿ? ವರ್ಷಕ್ಕೊಮ್ಮೆ ಜಮಾಬಂದಿಗೆ ಶಾನುಭೋಗರು ಲೆಕ್ಕ ಹಿಡಿದು ಮೇಲಧಿಕಾರಿಗಳ ಮುಂದೆ ನಿಲ್ಲಬೇಕಿತ್ತು. ಮೇಲಿನವರಿಗೆ ಲೆಕ್ಕ ಸಿಗುತ್ತಿತ್ತು. ಊರವರಿಗೆ ಸಿಗುತ್ತಿರಲಿಲ್ಲ.

ಇವೆಲ್ಲ ವಂಶಪಾರಂಪರ್ಯದ ಹುದ್ದೆಗಳು. 1908ರ ಮೈಸೂರು ಗ್ರಾಮ ಹುದ್ದೆಗಳ ಕಾಯಿದೆ ಈ ಹಕ್ಕಿಗೆ ಶಾಸನದ ಚೌಕಟ್ಟು ಹಾಕಿತು. ಸಂಬಳದ ಬದಲು ಇನಾಮು ಜಮೀನು, ಪೋಟಗಿ, ಕಣದಲ್ಲಿ ಪಾಲು. ಸಾಲಿನ ಮೇಲ್ತುದಿಯಲ್ಲಿ ಪಟೇಲ, ಶಾನುಭೋಗ. ಕೆಳತುದಿಯಲ್ಲಿ ತಳವಾರ, ತೋಟಿ. ಮೇಲಿನವರಿಗೆ ಸರ್ಕಾರದ ಅಧಿಕಾರ ಬಂದಿತ್ತು, ಕೆಳಗಿನವರಿಗೆ ಸರ್ಕಾರದ ದುಡಿಮೆ ಬಂದಿತ್ತು. ಅಮಲ್ದಾರರ ಸವಾರಿ ಬಂದರೆ ಹೊರೆ ಹೊರುವವನು ತೋಟಿ, ಊರೂರಿಗೆ ಕಾಗದ ಒಯ್ಯುವವನು ತೋಟಿ. ಗ್ರಾಮಸ್ವರಾಜ್ಯದ ಹಳೆಯ ಕಾಲವನ್ನು ಹೊಗಳುವ ಬರಹಗಳಲ್ಲಿ ಈ ತೋಟಿಯ ಹೆಸರೇ ಬರುವುದಿಲ್ಲ. ಅವನನ್ನು ಬಿಟ್ಟು ಆ ಕಾಲದ ಚರಿತ್ರೆ ಬರೆದರೆ ಅದು ಅರ್ಧ ಚರಿತ್ರೆ.

ಇದೇ ಸಾಲಿನಲ್ಲಿದ್ದ ನೀರಗಂಟಿಯ ಕತೆ ಮಾತ್ರ ಬೇರೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಈಗಿನ ಶಾಂತಿಸಾಗರ, ರಾಜ್ಯದ ಅತಿ ದೊಡ್ಡ ಕೆರೆಗಳಲ್ಲೊಂದು. ಅದರ ಎರಡು ತೂಬುಗಳಿಗೆ ಸಿದ್ಧ, ಬಸವ ಎಂದು ಹೆಸರು. ಇಂಥ ಕೆರೆಗಳ ಕೆಳಗೆ ಯಾವ ಗದ್ದೆಗೆ ಯಾವಾಗ ನೀರು ಎಂಬುದನ್ನು ನಡೆಸುತ್ತಿದ್ದವನು ನೀರಗಂಟಿ. ಹೆಗಲ ಮೇಲೆ ಗುದ್ದಲಿ ಹೊತ್ತು ಹಗಲೂ ರಾತ್ರಿ ಕಾಲುವೆ ಸುತ್ತಿ, ಒಂದು ಮಡೆ ಕಟ್ಟಿ ಇನ್ನೊಂದು ಮಡೆ ಬಿಡುವ ಕೆಲಸ. ಅವನಿಗೂ ಕೂಲಿ ಕಣದಲ್ಲೇ, ಭತ್ತದ ರೂಪದಲ್ಲಿ. ಆದರೆ ಇಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ: ನೀರಗಂಟಿಯ ಲೆಕ್ಕ ಎಲ್ಲರ ಕಣ್ಣಿಗೂ ಕಾಣುತ್ತದೆ. ಕೊನೆಗದ್ದೆಯ ರೈತ ಬೆಳಿಗ್ಗೆ ಬಂದು ಬದುವಿನ ಮೇಲೆ ನಿಂತರೆ ನೀರು ಬಂದಿದೆಯೋ ಇಲ್ಲವೋ ಗೊತ್ತಾಗುತ್ತದೆ. ಬಾರದಿದ್ದರೆ ಅಂದೇ ಜಗಳ, ಅಂದೇ ತೀರ್ಮಾನ. ಕಡತದ ಅಧಿಕಾರಕ್ಕೂ ಗುದ್ದಲಿಯ ಅಧಿಕಾರಕ್ಕೂ ಇರುವ ಅಂತರ ಇದು. 1911ರಲ್ಲಿ ಮೈಸೂರು ಸರ್ಕಾರ ಕೆರೆ ಪಂಚಾಯಿತಿಗಳಿಗಾಗಿಯೇ ಒಂದು ಕಾಯಿದೆ ತಂದದ್ದರ ಹಿಂದೆ, ಕೆರೆಯ ವಿಚಾರದಲ್ಲಿ ರೈತರ ಕೂಟವೇ ಯಜಮಾನ ಆಗಬಲ್ಲದು ಎಂಬ ತಿಳಿವಳಿಕೆ ಇತ್ತು.

ಚುನಾಯಿತ ಸಂಸ್ಥೆಗಳು ಬಂದ ಬಗೆಯನ್ನು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ನಾವಿಂದು ಸದಸ್ಯರ ಅಧಿಕಾರ ನೌಕರರಿಗೆ ಹೋಗುವುದನ್ನು ಚರ್ಚಿಸುತ್ತೇವೆ. ಆರಂಭದಲ್ಲಿ ನಡೆದದ್ದು ಅದರ ತಿರುಗುಮುರುಗು. ಅಧಿಕಾರ ನೌಕರರ ಕೈಯಲ್ಲೇ ಇತ್ತು, ಅದರಲ್ಲಿ ಒಂದೊಂದೇ ತುಣುಕು ಜನರಿಗೆ ಬಂತು. 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದರು, 144 ಮಂದಿ ಸೇರಿದರು. ಅವರು ಕೇಳಬಹುದಿತ್ತು, ನಿರ್ಧರಿಸುವಂತಿರಲಿಲ್ಲ. 1902ರ ಸ್ಥಳೀಯ ಬೋರ್ಡುಗಳ ಕಾಯಿದೆ, 1906ರ ಮುನಿಸಿಪಲ್ ಕಾಯಿದೆ ಬಂದ ಮೇಲೂ ಜಿಲ್ಲಾ ಬೋರ್ಡಿಗೆ ಡೆಪ್ಯುಟಿ ಕಮಿಷನರ್, ತಾಲ್ಲೂಕು ಕೇಂದ್ರದ ಮುನಿಸಿಪಾಲಿಟಿಗೆ ಅಮಲ್ದಾರ ಅಧ್ಯಕ್ಷರಾಗಿ ಕೂರುವುದೇ ರೂಢಿಯಾಗಿತ್ತು. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕೊನೆಗೆ ಬಂದ 1918ರ ಕಾಯಿದೆ ಚುನಾಯಿತರ ಪಾಲನ್ನು ಹೆಚ್ಚಿಸಿತು. 1926ರ ಗ್ರಾಮ ಪಂಚಾಯಿತಿ ಕಾಯಿದೆ ಊರಿನ ಪಂಚಾಯಿತಿಗೆ ತೆರಿಗೆ ಹಾಕುವ ಹಕ್ಕು ಕೊಟ್ಟಿತು. ಆಗ ಬಹುಕಡೆ ಶಾನುಭೋಗರೇ ಪಂಚಾಯಿತಿಯ ಕಾರ್ಯದರ್ಶಿಯ ಕೆಲಸವನ್ನೂ ನೋಡಿಕೊಂಡರು. ಹೊಸ ಸಂಸ್ಥೆಯ ಲೆಕ್ಕ ಹಳೆಯ ಕೈಯಲ್ಲೇ ಉಳಿಯಿತು.

ಆ ಕೈಯಿಂದ ಲೆಕ್ಕ ಬಿಡಿಸಿದ್ದು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ. 1963ರ ಫೆಬ್ರವರಿ 1ರಿಂದ ಜಾರಿಗೆ ಬಂದ ಆ ಶಾಸನ ಪಟೇಲಿಕೆ, ಶಾನುಭೋಗಿಕೆಯಿಂದ ಹಿಡಿದು ತೋಟಿ, ತಳವಾರ, ನೀರಗಂಟಿಯ ಕೆಲಸದವರೆಗೆ ವಂಶದ ಹಕ್ಕನ್ನೆಲ್ಲ ಒಂದೇ ಏಟಿಗೆ ತೆಗೆದುಹಾಕಿತು. ಇನಾಮು ಜಮೀನುಗಳು ಮರುಮಂಜೂರಾತಿಗೆ ಬಂದವು. ಶಾನುಭೋಗರ ಜಾಗಕ್ಕೆ ಪರೀಕ್ಷೆ, ನೇಮಕಾತಿ, ವರ್ಗಾವಣೆ ಇರುವ ಗ್ರಾಮ ಲೆಕ್ಕಿಗರು ಬಂದರು. ಹುಟ್ಟಿನ ಬಲದಿಂದ ಬಂದ ಅಧಿಕಾರ ಹೋಗಿ ಆದೇಶದ ಬಲದಿಂದ ಬಂದ ಅಧಿಕಾರ ನಿಂತಿತು. ಕರ್ನಾಟಕದ ಹಳ್ಳಿಗಳನ್ನು ಬದಲಿಸಿದ ಶಾಸನಗಳಲ್ಲಿ ಉಳುವವನೇ ಒಡೆಯ ಕಾನೂನಿಗೆ ಸಿಕ್ಕ ಹೆಸರಿನಲ್ಲಿ ಕಾಲು ಭಾಗವೂ ಇದಕ್ಕೆ ಸಿಕ್ಕಿಲ್ಲ, ಸಿಗಬೇಕಿತ್ತು.

ಇತ್ತ 1959ರ ಕಾಯಿದೆ ತಾಲ್ಲೂಕು ಅಭಿವೃದ್ಧಿ ಮಂಡಳಿಗಳನ್ನು ಕಟ್ಟಿತು. ಅಧ್ಯಕ್ಷರು ಚುನಾಯಿತರು, ಕೆಲಸ ನಡೆಸುವವರು ಬ್ಲಾಕ್ ಅಭಿವೃದ್ಧಿ ಅಧಿಕಾರಿ, ಅಂದರೆ ಬಿ.ಡಿ.ಒ. ಜೀಪು, ಅನುದಾನ, ಕಡತ ಮೂರೂ ಬಿ.ಡಿ.ಒ. ಬಳಿ ಇದ್ದುದರಿಂದ ಜನರೂ ಅವರ ಬಳಿಗೇ ಹೋದರು.

ಚಿತ್ರ ಬದಲಾದದ್ದು 1987ರಲ್ಲಿ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ವ್ಯವಸ್ಥೆಯನ್ನು ಬೆನ್ನುಹತ್ತಿ ತಂದರು. ಬರದ ಸೀಮೆಗಳಲ್ಲಿ ಬೋರ್‌ವೆಲ್ ಕೊರೆಸಿ ನೀರ್ ಸಾಬ್ ಎನಿಸಿಕೊಂಡವರು ಅವರೇ. ಆ ವ್ಯವಸ್ಥೆಗೆ ಆಧಾರವಾದ 1983ರ ಕಾಯಿದೆಯ ಜೀವಾಳ ನೌಕರಶಾಹಿಯನ್ನು ಕೂರಿಸಿದ ಜಾಗದಲ್ಲಿತ್ತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ. ಚುನಾಯಿತರ ತೀರ್ಮಾನವನ್ನು ನಡೆಸಿಕೊಡುವುದು ಅಧಿಕಾರಿಯ ಕೆಲಸ ಎಂಬುದನ್ನು ಕುರ್ಚಿಗಳ ಜೋಡಣೆಯಲ್ಲೇ ತೋರಿಸಿದ ಕಾಯಿದೆ ಅದು. ನಾಲ್ಕನೆಯ ಒಂದು ಪಾಲು ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು. 1988ರಲ್ಲಿ ನಜೀರ್ ಸಾಬ್ ತೀರಿಕೊಂಡರು. 1992ರ ಹೊತ್ತಿಗೆ ಆ ಸಂಸ್ಥೆಗಳ ಜಾಗದಲ್ಲಿ ಆಡಳಿತಾಧಿಕಾರಿಗಳು ಕೂತಿದ್ದರು. ಐದು ವರ್ಷದಲ್ಲಿ ಬಂದದ್ದನ್ನು ಒಂದು ಆದೇಶ ಹಿಂದಕ್ಕೆ ಒಯ್ದಿತು.

ಹಾಗೆ ಮತ್ತೆ ಆಗಬಾರದೆಂದೇ ಸಂವಿಧಾನದ 73ನೆಯ ತಿದ್ದುಪಡಿ ಬಂತು. ಪಂಚಾಯಿತಿಯ ಅವಧಿ ಐದು ವರ್ಷ, ಅವಧಿ ಮುಗಿಯುವ ಮೊದಲೇ ಚುನಾವಣೆ, ನಡುವೆ ವಿಸರ್ಜನೆಯಾದರೆ ಆರು ತಿಂಗಳೊಳಗೆ ಚುನಾವಣೆ. ಕರ್ನಾಟಕ 1993ರಲ್ಲೇ ತನ್ನ ಪಂಚಾಯತ್ ರಾಜ್ ಕಾಯಿದೆ ಮಾಡಿತು. ಈ ವ್ಯವಸ್ಥೆ ಬೇರೂರುವ ಹೊತ್ತಿಗೆ ಸೀಮೆಯ ನಕ್ಷೆಯೂ ಬದಲಾಯಿತು. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರಾದ ಜೆ.ಎಚ್. ಪಟೇಲ್ ಮುಖ್ಯಮಂತ್ರಿಯಾಗಿದ್ದಾಗ, 1997ರಲ್ಲಿ, ಏಳು ಹೊಸ ಜಿಲ್ಲೆಗಳಾದವು. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ, ಚಿತ್ರದುರ್ಗದಿಂದ ಜಗಳೂರು ಬಂದು ದಾವಣಗೆರೆ ಜಿಲ್ಲೆಗೆ ಸೇರಿದವು. ಹೊನ್ನಾಳಿಯಿಂದ ನ್ಯಾಮತಿ ಬೇರೆ ತಾಲ್ಲೂಕಾದದ್ದು 2018ರಲ್ಲಿ. ನ್ಯಾಮತಿಯವರಿಗೆ ತಾಲ್ಲೂಕು ಕಚೇರಿ ಹತ್ತಿರ ಬಂತು. ಜಗಳೂರಿನ ರೈತ ಜಿಲ್ಲಾ ಕಚೇರಿಗೆಂದು ಚಿತ್ರದುರ್ಗಕ್ಕೂ, ಹೊನ್ನಾಳಿಯವನು ಶಿವಮೊಗ್ಗಕ್ಕೂ ಹೋಗುವುದು ನಿಂತಿತು.

ಇನ್ನು ಪಿಡಿಒ. ಗ್ರಾಮ ಪಂಚಾಯಿತಿಗೆ ಕಾರ್ಯದರ್ಶಿಯ ಜೊತೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಎಂಬ ಹುದ್ದೆ ಬಂದದ್ದು 2010ರ ಆಸುಪಾಸಿನಲ್ಲಿ. ಇಂದು ಊರಿನ ಮಟ್ಟಿಗೆ ಕಾನೂನು ಅಧಿಕಾರವನ್ನು ಯಾರ ಕೈಗೆ ಕೊಟ್ಟಿದೆ ಎಂದು ನೋಡಬೇಕಾದರೆ ಇ-ಸ್ವತ್ತು ಪ್ರಕರಣವೊಂದನ್ನು ಹಿಂಬಾಲಿಸಿದರೆ ಸಾಕು. ಮನೆಯನ್ನೋ ನಿವೇಶನವನ್ನೋ ಮಾರಬೇಕಾದವರಿಗೆ, ಬ್ಯಾಂಕಿನಲ್ಲಿ ಸಾಲ ಬೇಕಾದವರಿಗೆ ನಮೂನೆ 9 ಮತ್ತು ನಮೂನೆ 11 ಬೇಕು. 2013ರಿಂದ ಇವು ಕಂಪ್ಯೂಟರಿನಲ್ಲೇ ತಯಾರಾಗುತ್ತವೆ. ಅರ್ಜಿ, ಹಳೆಯ ದಾಖಲೆ, ನಕ್ಷೆ, ಫೋಟೊ ಎಲ್ಲ ಏರಿಸಿದ ಮೇಲೆ ಕೊನೆಗೆ ಬೇಕಾದದ್ದು ಪಿಡಿಒ ಅವರ ಡಿಜಿಟಲ್ ಸಹಿ. ಅದು ಬಿದ್ದರೆ ಸ್ವತ್ತಿಗೆ ಲೆಕ್ಕದಲ್ಲಿ ಜಾಗವಿದೆ, ಬೀಳದಿದ್ದರೆ ಇಲ್ಲ. ತಂದೆಯ ಕಾಲದಿಂದ ವಾಸವಿರುವ ಮನೆಯಾದರೂ ಅಷ್ಟೇ.

ಈ ಅಧಿಕಾರವನ್ನು ಸುಮ್ಮನೆ ಶಂಕಿಸುವುದು ನ್ಯಾಯವಲ್ಲ. ಊರಿನಲ್ಲಿ ಬಲವುಳ್ಳವನು ಗ್ರಾಮಠಾಣಾದ ಜಾಗ ಒತ್ತುವರಿ ಮಾಡಿ ಖಾತೆ ಮಾಡಿಕೊಡಿ ಎಂದು ನಿಂತಾಗ, ಸದಸ್ಯರು ಅವನ ಕಡೆಯವರೇ ಆಗಿದ್ದಾಗ, ಅಡ್ಡ ನಿಲ್ಲಬಲ್ಲವರು ಪಿಡಿಒ ಒಬ್ಬರೇ. ಪರೀಕ್ಷೆ ಬರೆದು ಬಂದ, ಬೇರೆ ಊರಿನ, ಎಷ್ಟೋ ಕಡೆ ಇನ್ನೂ ಮೂವತ್ತು ತುಂಬದ ಹುಡುಗಿ ಆ ಕುರ್ಚಿಯಲ್ಲಿ ಕೂತು ‘ಆಗುವುದಿಲ್ಲ’ ಎನ್ನುವುದಕ್ಕೆ ಕಾನೂನಿನ ಬೆಂಬಲವೇ ಬೇಕು. ಶಾನುಭೋಗರ ಕಾಲದಲ್ಲಿ ಅಂಥ ಮಾತು ಆಡುವ ಸ್ಥಿತಿಯಲ್ಲಿ ಯಾವ ಹೆಣ್ಣುಮಗಳೂ ಇರಲಿಲ್ಲ.

ಆದರೆ ಹಣ ಪಾವತಿಗೆ ಅಧ್ಯಕ್ಷರ ಒಪ್ಪಿಗೆಯೂ ಬೇಕೆಂದು ಕಾನೂನು ಇಟ್ಟಿರುವುದು ಸುಮ್ಮನೆ ಅಲ್ಲ. ಮೊದಲು ಚೆಕ್ಕಿಗೆ ಜಂಟಿ ಸಹಿ, ಈಗ ಡಿಜಿಟಲ್ ಕೀ. ಅಧ್ಯಕ್ಷೆಯ ಕೀ ಅವರ ಕೈಯಲ್ಲಿರದೆ ಕಂಪ್ಯೂಟರ್ ಆಪರೇಟರ್ ಮೇಜಿನ ಡ್ರಾಯರಿನಲ್ಲಿದ್ದರೆ, ಪಾಸ್‌ವರ್ಡು ಗಂಡನಿಗೆ ಮಾತ್ರ ಗೊತ್ತಿದ್ದರೆ, ಜಂಟಿ ಜವಾಬ್ದಾರಿ ಹೆಸರಿಗಷ್ಟೇ ಉಳಿಯುತ್ತದೆ. ಅರ್ಧದಷ್ಟು ಸ್ಥಾನಗಳನ್ನು ಹೆಂಗಸರಿಗೆ ಮೀಸಲಿಟ್ಟ ರಾಜ್ಯದಲ್ಲಿ ಇದು ಸಣ್ಣ ವಿಚಾರವಲ್ಲ. ಕಾನೂನಿನಲ್ಲಿ ಎಲ್ಲೂ ಬರೆಯದ ಈ ಅಧಿಕಾರ ವರ್ಗಾವಣೆಯನ್ನು ಯಾವ ಲೆಕ್ಕಪರಿಶೋಧನೆಯೂ ಹಿಡಿಯಲಾರದು. ಅಧ್ಯಕ್ಷೆಗೆ ಕೀ ಬಳಸಲು ಕಲಿಸುವುದು ಒಂದು ಮಧ್ಯಾಹ್ನದ ಕೆಲಸ. ಅದನ್ನು ಮಾಡದೆ ಇರುವುದಕ್ಕೆ ಯಾವ ಸಬೂಬೂ ಇಲ್ಲ.

ನೌಕರರಿಗೆ ಅಧಿಕಾರ ಕೊಟ್ಟೂ ಜನರಿಗೆ ಹಿಡಿತ ಉಳಿಸುವುದು ಹೇಗೆ ಎಂಬುದಕ್ಕೆ ಒಳ್ಳೆಯ ಉದಾಹರಣೆ ಕರ್ನಾಟಕದಲ್ಲೇ ಇದೆ. 2011ರ ಸಕಾಲ ಕಾಯಿದೆ ಪ್ರತಿ ಸೇವೆಗೂ ಒಬ್ಬ ನಿಯೋಜಿತ ಅಧಿಕಾರಿಯನ್ನು ಗುರುತಿಸಿ, ದಿನಗಳ ಗಡುವು ಹಾಕಿತು. ಅರ್ಜಿ ಕೊಟ್ಟವರಿಗೆ 15 ಅಂಕಿಯ ಸಂಖ್ಯೆ ಸಿಗುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ. ಮೊತ್ತ ಚಿಕ್ಕದು. ಆದರೆ ಯಾವ ಕೆಲಸಕ್ಕೆ ಯಾರು ಹೊಣೆ ಎಂಬುದು ಅರ್ಜಿದಾರನಿಗೆ ಮೊದಲೇ ಗೊತ್ತಾಗುವುದು, ಕಡತ ಯಾವ ಮೇಜಿನಲ್ಲಿದೆ ಎಂದು ಕೇಳುತ್ತ ಅಲೆದ ತಲೆಮಾರಿಗೆ ದೊಡ್ಡ ಸಂಗತಿಯೇ ಸರಿ. ಅದಕ್ಕೂ ಮುಂಚೆ 2001ರ ಹೊತ್ತಿಗೆ ಭೂಮಿ ಯೋಜನೆ ಪಹಣಿಯನ್ನು ಗ್ರಾಮ ಲೆಕ್ಕಿಗರ ಚೀಲದಿಂದ ತಾಲ್ಲೂಕು ಕಚೇರಿಯ ಕಿಟಕಿಗೆ ತಂದಿತ್ತು.

ಇಂಗ್ಲೆಂಡಿನ 1972ರ ಸ್ಥಳೀಯ ಸರ್ಕಾರ ಕಾಯಿದೆ ಈ ವಿಚಾರವನ್ನು ನೇರವಾಗಿ ಬರೆದಿದೆ: ಕೌನ್ಸಿಲ್ ತನ್ನ ಕೆಲಸವನ್ನು ಸಮಿತಿಗೋ ಉಪಸಮಿತಿಗೋ ಅಧಿಕಾರಿಗೋ ವಹಿಸಬಹುದು, ಹಾಗೆ ವಹಿಸಿದ ಮೇಲೂ ಆ ಅಧಿಕಾರವನ್ನು ತಾನೇ ಚಲಾಯಿಸುವ ಹಕ್ಕು ಕೌನ್ಸಿಲ್‌ಗೆ ಉಳಿದೇ ಇರುತ್ತದೆ. ವಹಿಸಿಕೊಡುವುದೆಂದರೆ ಬಿಟ್ಟುಕೊಡುವುದಲ್ಲ ಎಂಬುದು ಅಲ್ಲಿ ಶಾಸನದ ಮಾತು. ಆದರೆ ಈ ತತ್ವಕ್ಕೆ ಒಂದು ಪೂರ್ವಷರತ್ತು ಉಂಟು: ವಾಪಸು ಕೇಳಲು ಕೌನ್ಸಿಲ್ ಎಂಬುದು ಇರಬೇಕು.

ನಮ್ಮಲ್ಲಿ ಮತ್ತೆ ಮತ್ತೆ ತಪ್ಪುತ್ತಿರುವುದು ಅಲ್ಲೇ. 2018ರಲ್ಲಿ ರಾಜ್ಯದ ನೂರಕ್ಕೂ ಹೆಚ್ಚು ನಗರ ಸಂಸ್ಥೆಗಳಿಗೆ ಚುನಾವಣೆ ನಡೆದು ಸದಸ್ಯರು ಗೆದ್ದುಬಂದರು. ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿತು. ಗೆದ್ದವರು ಎರಡು ವರ್ಷ ಅಧ್ಯಕ್ಷರಿಲ್ಲದೆ ಕೂತರು, ಆಡಳಿತಾಧಿಕಾರಿಗಳು ಕಡತಕ್ಕೆ ಸಹಿ ಹಾಕಿದರು. 2020ರಲ್ಲಿ ಗ್ರಾಮ ಪಂಚಾಯಿತಿಗಳ ಅವಧಿ ಮುಗಿದಾಗ ಕೊರೊನಾ ಕಾರಣ ಕೊಟ್ಟು ಅಲ್ಲಿಗೂ ಆಡಳಿತಾಧಿಕಾರಿಗಳು ಬಂದರು. ಹೈಕೋರ್ಟು ಹೇಳಿದ ಮೇಲೆ ಡಿಸೆಂಬರ್ 22 ಮತ್ತು 27ರಂದು ಮತದಾನವಾಯಿತು. ಚುನಾವಣೆ ಸಮಯಕ್ಕೆ ಸರಿಯಾಗಿ ನಡೆಯಲೇಬೇಕೆಂದು ಸುಪ್ರೀಂ ಕೋರ್ಟು 2006ರಷ್ಟು ಹಿಂದೆಯೇ, ಅಹಮದಾಬಾದ್ ನಗರಪಾಲಿಕೆಯ ಪ್ರಕರಣದಲ್ಲಿ, ಸ್ಪಷ್ಟವಾಗಿ ಹೇಳಿತ್ತು.

ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಸ್ಥಿತಿ ಇದಕ್ಕಿಂತ ಕೆಟ್ಟದ್ದು. ಅವುಗಳಿಗೆ ಮತದಾನ ನಡೆದದ್ದು 2016ರ ಫೆಬ್ರವರಿಯಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ವ್ಯಾಜ್ಯ ಎಂದು ವರ್ಷದ ಮೇಲೆ ವರ್ಷ ಹೋಯಿತು. ಚನ್ನಗಿರಿ, ಹೊನ್ನಾಳಿ, ಜಗಳೂರಿನ ತಾಲ್ಲೂಕು ಪಂಚಾಯಿತಿಗಳ ಕ್ರಿಯಾಯೋಜನೆಗೆ ಆ ವರ್ಷಗಳಲ್ಲಿ ಒಪ್ಪಿಗೆ ಕೊಟ್ಟವರು ಆಡಳಿತಾಧಿಕಾರಿಗಳು. ಜಾರಿ ಮಾಡಿದವರು ಕಾರ್ಯನಿರ್ವಹಣಾಧಿಕಾರಿಗಳು. ಇಬ್ಬರೂ ಸರ್ಕಾರದ ನೌಕರರು, ಇಬ್ಬರೂ ಮೇಲಿನವರಿಗೆ ಲೆಕ್ಕ ಒಪ್ಪಿಸುವವರು. 2018ರಲ್ಲಿ ತಾಲ್ಲೂಕಾದ ನ್ಯಾಮತಿಯ ಜನ ಆ ವರ್ಷಗಳಲ್ಲಿ ತಮ್ಮ ತಾಲ್ಲೂಕಿನ ಹೆಸರಿನಲ್ಲಿ ಒಬ್ಬ ತಾಲ್ಲೂಕು ಪಂಚಾಯಿತಿ ಸದಸ್ಯನನ್ನೂ ಆರಿಸಲಿಲ್ಲ. ಜಗಳೂರಿನಂಥ ಬರದ ತಾಲ್ಲೂಕಿನಲ್ಲಿ ಯಾವ ಹಳ್ಳಿಗೆ ಟ್ಯಾಂಕರು ಮೊದಲು ಹೋಗಬೇಕೆಂದು ಸಭೆಯಲ್ಲಿ ಎದ್ದುನಿಂತು ಕೇಳುವ ಚುನಾಯಿತರು ತಾಲ್ಲೂಕು ಮಟ್ಟದಲ್ಲಿ ಇರಲಿಲ್ಲ. ಅಧಿಕಾರಿಗಳು ದಕ್ಷರೇ ಆಗಿರಬಹುದು, ಟ್ಯಾಂಕರು ಸರಿಯಾದ ಹಳ್ಳಿಗೇ ಹೋಗಿರಬಹುದು. ಹೋಗದಿದ್ದರೆ ಮಾತ್ರ ಆ ಹಳ್ಳಿಯವರು ಅರ್ಜಿ ಹಿಡಿದು ನಿಲ್ಲಬೇಕಾದದ್ದು ಅದೇ ಅಧಿಕಾರಿಯ ಬಾಗಿಲಲ್ಲಿ.